ಗರಡಿಯಿಂದ ಗದ್ದುಗೆಗೆ — ರಣಧೀರ ಕಂಠೀರವ ನರಸರಾಜ ಒಡೆಯರು

ಬೆಂಗಳೂರಿನ ಹನುಮಂತನಗರವು ಹೆಸರಿಗೆ ತಕ್ಕ ಬಡಾವಣೆ. ಅಲ್ಲಿಯ ರಾಮಾಂಜನೇಯ ಗುಡ್ಡದ ಮೇಲೆ ಶ್ರೀರಾಮನು ಆಂಜನೇಯನನ್ನು ಆಲಿಂಗಿಸಿಕೊಂಡಿರುವ ಬೃಹದ್ವಿಗ್ರಹವಿದೆ. ಸಾಯಂಕಾಲದ ಹೊತ್ತು ನಗರದ ಈ ದಕ್ಷಿಣಭಾಗದ ಬೀದಿಗಳಲ್ಲಿ ಸಂಚರಿಸುವವರು, ಬಿಳಿಯ ಅಂಗಿ ತೊಟ್ಟು, ನಡುವಿಗೆ ಬಣ್ಣದ ಪಟ್ಟಿ ಬಿಗಿದು ಕರಾಟೆಯ ಅಭ್ಯಾಸಕ್ಕೆ ಹೋಗುವ ಬಾಲಕ ಬಾಲಕಿಯರನ್ನು ಕಾಣುತ್ತಾರೆ. ಅವರಲ್ಲಿ ಕೆಲವರು ಒಂದೆರಡು ವರ್ಷ ಕಳೆದ ಮೇಲೆ ಜೂಡೋ ಕಲಿಯಲು ಆಶಿಸುತ್ತಾರೆ, ಕೆಲವರು ಕಳರಿಪಯಟ್ಟಿನ ಕಡೆಗೆ ತಿರುಗುತ್ತಾರೆ. ತಂದೆತಾಯಿಗಳಿಗೆ ಆಗ ಚಿಂತೆ ಹತ್ತುತ್ತದೆ. ಒಂದು ವಿದ್ಯೆ ಕೈಗೂಡುವ ಮೊದಲೇ ಮತ್ತೊಂದಕ್ಕೆ ಕೈಚಾಚುವುದು ಚಂಚಲತೆಯಲ್ಲವೇ ಎಂಬುದು ಅವರ ಶಂಕೆ. ಶಂಕೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ನಾವು ಪರದೇಶಗಳಲ್ಲಿ ಅರಸಬೇಕಾಗಿಲ್ಲ. ನಮ್ಮ ನಾಡಿನ ಗರಡಿಮನೆಯೂ, ಆ ಗರಡಿಯ ಮಣ್ಣನ್ನು ಮೈಗೆ ಮೆತ್ತಿಕೊಂಡು ಸಿಂಹಾಸನವನ್ನೇರಿದ ಒಬ್ಬ ದೊರೆಯ ಬಾಳೂ ಉತ್ತರ ಹೇಳುತ್ತವೆ.

ಗರಡಿಯೆಂದೊಡನೆ ಕುಸ್ತಿಯೊಂದೇ ನಮ್ಮ ನೆನಪಿಗೆ ಬರುವುದು ಈಚಿನ ಅಭ್ಯಾಸ. ಹಿಂದಿನವರ ಗರಡಿಯಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದು ಮೊದಲಾದ ಸಾಮು ಮೈಯನ್ನು ಹದಗೊಳಿಸುತ್ತಿದ್ದಿತು. ಮಟ್ಟಿಯಲ್ಲಿ ಕುಸ್ತಿಯ ಪಟ್ಟುಗಳು ನಡೆಯುತ್ತಿದ್ದವು. ಹೊರಗಿನ ಅಂಗಳದಲ್ಲಿ ದೊಣ್ಣೆವರಸೆ ಕತ್ತಿವರಸೆಗಳಿಗೆ ಎಡೆಯಿರುತ್ತಿದ್ದಿತು. ಇವೆಲ್ಲಕ್ಕೂ ಮೇಲೆ ಗೋಡೆಯ ಗೂಡಿನಲ್ಲಿ ಆಂಜನೇಯನಿರುತ್ತಿದ್ದನು. ಆಂಜನೇಯನನ್ನೇ ಗರಡಿಯ ದೈವವಾಗಿ ಹಿರಿಯರು ಆರಿಸಿಕೊಂಡದ್ದು ಅವನ ಬಲವೊಂದಕ್ಕಾಗಿಯಲ್ಲವೆಂದು ನಾವು ಭಾವಿಸುತ್ತೇವೆ. ಕಡಲನ್ನು ಲಂಘಿಸಿದವನೇ ಮಾತಿನಲ್ಲಿ ನಿಪುಣನು. ಲಂಕೆಯನ್ನು ಸುಟ್ಟವನೇ ಒಡೆಯನೆದುರು ಕೈಮುಗಿದು ನಿಲ್ಲುವವನು. ಹಲವು ಸಾಮರ್ಥ್ಯಗಳು ಒಬ್ಬನಲ್ಲಿ ಕೂಡಿ, ಆ ಕೂಟದಿಂದ ಅಹಂಕಾರವು ಹುಟ್ಟದೆ ವಿನಯವು ಹುಟ್ಟಿದರೆ ಅದೇ ಸಾಧನೆ. ನಾವು ಈ ದಿನ ಬರೆಯಲಿರುವ ಬಾಳಿಗೂ ಇದೇ ಒರೆಗಲ್ಲು.

ಹನುಮಂತನಗರದ ನೆರೆಯಲ್ಲಿ ಗವಿಪುರವಿದೆ. ಅಲ್ಲಿಯ ಕೆಂಪಾಂಬುಧಿ ಕೆರೆಯ ಬಳಿ ಬಂಡೆಯ ಮೇಲೆ ಕೆಂಪೇಗೌಡರ ವಂಶದವರ ಹೆಸರು ಹೊತ್ತ ಗೋಪುರವೊಂದು ನಿಂತಿದೆ. ಒಂದು ಕಾಲಕ್ಕೆ ಬೆಂಗಳೂರಿನ ಎಲ್ಲೆಯನ್ನು ಸಾರುತ್ತಿದ್ದ ಗೋಪುರಗಳಲ್ಲಿ ಅದೂ ಒಂದು. 1638ರಲ್ಲಿ ವಿಜಾಪುರದ ಸೇನಾಪತಿ ರಣದುಲ್ಲಾಖಾನನು ದಂಡೆತ್ತಿ ಬಂದು ಈ ಪಟ್ಟಣವನ್ನು ಗೌಡರ ಕೈಯಿಂದ ಕಸಿದುಕೊಂಡನು. ಅವನ ಸಂಗಡ ಬಂದಿದ್ದ ಷಹಾಜಿಗೆ, ಎಂದರೆ ಮುಂದೆ ಮಹಾರಾಷ್ಟ್ರದಲ್ಲಿ ಹೆಸರಾದ ಶಿವಾಜಿಯ ತಂದೆಗೆ, ಬೆಂಗಳೂರು ಜಹಗೀರಿಯಾಯಿತು. ಬೆಂಗಳೂರನ್ನು ನುಂಗಿದ ದಂಡು ಕಾವೇರಿಯ ದ್ವೀಪದಲ್ಲಿದ್ದ ಶ್ರೀರಂಗಪಟ್ಟಣದ ಕಡೆಗೆ ಮುಖಮಾಡಿತು. ಅದೇ 1638ರಲ್ಲಿ ಆ ಪಟ್ಟಣದ ಗದ್ದುಗೆಯನ್ನೇರಿದವರು 23 ವರ್ಷ ವಯಸ್ಸಿನ ಕಂಠೀರವ ನರಸರಾಜ ಒಡೆಯರು. ಜನರು ಅವರನ್ನು ರಣಧೀರರೆಂದು ಕರೆದರು. ಇಂದಿಗೂ ಹಾಗೆಯೇ ಕರೆಯುತ್ತಾರೆ.

ಅವರು ಹುಟ್ಟಿದ್ದು 1615ರಲ್ಲಿ. ತಂದೆ ಬೆಟ್ಟದ ಚಾಮರಾಜ ಒಡೆಯರು, 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿ ಮಹಾನವಮಿಯ ಉತ್ಸವವನ್ನು ನೆಲೆಗೊಳಿಸಿದ ರಾಜ ಒಡೆಯರ ಸೋದರರು. ಆದರೆ ರಾಜ್ಯವು ನರಸರಾಜರಿಗೆ ನೇರವಾಗಿ ಬರತಕ್ಕದ್ದಾಗಿರಲಿಲ್ಲ. ರಾಜ ಒಡೆಯರ ತರುವಾಯ ಅವರ ಮೊಮ್ಮಗ ಚಾಮರಾಜ ಒಡೆಯರು 1637ರ ವರೆಗೆ ಆಳಿದರು. ಆಮೇಲೆ ಇಮ್ಮಡಿ ರಾಜ ಒಡೆಯರು ಬಂದರು. ನರಸರಾಜರಾದರೋ ರಾಜಧಾನಿಯ ಸದ್ದುಗದ್ದಲಗಳಿಗೆ ದೂರವಾಗಿ, ಇಂದಿನ ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ ತೆರಕಣಾಂಬಿಯಲ್ಲಿ ಬೆಳೆದರೆಂದು ಪ್ರತೀತಿಯಿದೆ. ಅಧಿಕಾರದ ಆಸೆಯಿಲ್ಲದೆ ಕಳೆದ ಆ ವರ್ಷಗಳು ವ್ಯರ್ಥವಾಗಲಿಲ್ಲ. ಮಲ್ಲವಿದ್ಯೆಯಲ್ಲಿಯೂ ಕತ್ತಿವರಸೆಯಲ್ಲಿಯೂ ಅವರು ಸಮಾನವಾಗಿ ಪಳಗಿದರೆಂಬ ವಿಷಯದಲ್ಲಿ ಪರಂಪರೆಗೆ ಎರಡು ಮಾತಿಲ್ಲ.

ಎರಡು ವಿದ್ಯೆಗಳಲ್ಲಿ ಪಳಗುವುದೆಂದರೇನೆಂಬುದನ್ನು ವಾಚಕರು ಕ್ಷಣಕಾಲ ಯೋಚಿಸಬೇಕು. ಕುಸ್ತಿಯ ಜೀವಾಳವೆಲ್ಲ ಹತ್ತಿರ ಸಾರುವುದರಲ್ಲಿದೆ. ಎದುರಾಳಿಯ ಮೈಗೆ ಮೈ ತಾಕಬೇಕು, ಅವನ ಉಸಿರು ನಮ್ಮ ಕಿವಿಗೆ ಕೇಳಬೇಕು, ಅವನ ಭಾರವು ಯಾವ ಕಾಲಿನ ಮೇಲಿದೆಯೆಂಬುದನ್ನು ಕಣ್ಣಿಗಿಂತ ಮೊದಲು ಅಂಗೈ ತಿಳಿಯಬೇಕು. ಕತ್ತಿವರಸೆಯ ಜೀವಾಳವು ಇದಕ್ಕೆ ವಿರುದ್ಧವಾದುದು. ಅಲ್ಲಿ ಅಂತರವನ್ನು ಕಾಯಬೇಕು, ಕಣ್ಣೇ ಮುಂದಾಳು, ಒಂದು ಹೆಜ್ಜೆ ಹೆಚ್ಚು ಒಳಗಿಟ್ಟವನು ಮತ್ತೊಂದು ಹೆಜ್ಜೆ ಇಡಲಾರನು. ಒಂದು ವಿದ್ಯೆಯಲ್ಲಿ ಗುಣವೆನಿಸಿದುದು ಇನ್ನೊಂದರಲ್ಲಿ ದೋಷವಾಗುತ್ತದೆ. ಆದುದರಿಂದ ಹತ್ತು ವರ್ಷ ಕುಸ್ತಿಯಾಡಿ ಜಗಜಟ್ಟಿಯೆನಿಸಿಕೊಂಡವನು ಕತ್ತಿ ಹಿಡಿದ ಮೊದಲ ದಿನ ಮಗುವಿಗಿಂತ ಕಡೆಯಾಗಿ ನಿಲ್ಲಬೇಕಾಗುತ್ತದೆ. ನಿನ್ನೆ ಸಾಮು ಆರಂಭಿಸಿದ ಹುಡುಗನು ಅವನನ್ನು ತಿದ್ದುತ್ತಾನೆ. ಈ ಅವಮಾನವನ್ನು ನಗುತ್ತ ಸಹಿಸುವ ಶಕ್ತಿಯೇ ಎರಡನೆಯ ವಿದ್ಯೆಯ ಮೊದಲ ಪಾಠ. ಒಂದೇ ವಿದ್ಯೆಯ ಪಂಡಿತನಿಗೆ ಈ ಪಾಠ ದೊರೆಯುವುದು ದುರ್ಲಭ.

ಇಂತಹ ಬಹುವಿದ್ಯೆಗೆ ಕನ್ನಡನಾಡಿನಲ್ಲಿ ಬೇರುಗಳು ಆಳವಾಗಿವೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸವೆಂಬ 12ನೆಯ ಶತಮಾನದ ಸಂಸ್ಕೃತ ಗ್ರಂಥವು ಮಲ್ಲರ ದರ್ಜೆಗಳನ್ನೂ, ಅವರ ಆಹಾರ ವ್ಯಾಯಾಮಗಳನ್ನೂ, ರಾಜನು ಅವರನ್ನು ಪೋಷಿಸಬೇಕಾದ ರೀತಿಯನ್ನೂ ವಿವರಿಸಿದೆ. ಅಲ್ಲಿ ಮೇಲ್ದರ್ಜೆಯ ಮಲ್ಲನಿಗಿರುವ ಜ್ಯೇಷ್ಠಿಕನೆಂಬ ಹೆಸರೇ ಬಾಯಿಂದ ಬಾಯಿಗೆ ಸವೆದು ಜಟ್ಟಿ ಎಂದಾಯಿತೆಂದು ಹೇಳುತ್ತಾರೆ. ಮೈಸೂರು ಸೀಮೆಯ ಜಟ್ಟಿಗಳು ಕುಸ್ತಿಯೊಡನೆ ವಜ್ರಮುಷ್ಟಿಯನ್ನೂ ಉಳಿಸಿಕೊಂಡು ಬಂದವರು. ಇಂದಿಗೂ ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಹರಿತವಾದ ಆಯುಧವನ್ನು ತೊಟ್ಟು ಎದುರುಬದುರಾಗಿ ನಿಲ್ಲುತ್ತಾರೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳಿಂದ ಅವರು ಬರುತ್ತಾರೆ. ನೋಡುವವರ ಎದೆ ನಡುಗುವ ಈ ಕಾಳಗವು ಮೊದಲ ನೆತ್ತರು ಕಂಡೊಡನೆ ನಿಂತುಹೋಗುತ್ತದೆ. ಹೊಡೆಯುವುದನ್ನು ಕಲಿಸಿದ ವಿದ್ಯೆಯೇ ನಿಲ್ಲಿಸುವುದನ್ನೂ ಕಲಿಸಿದೆ. ಇದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಇದರ ಪ್ರಸ್ತಾಪವು ಮತ್ತೆ ಬರಲಿದೆ.

ನರಸರಾಜರ ಯೌವನದ ಕಥೆಗಳಲ್ಲಿ ತಿರುಚಿನಾಪಳ್ಳಿಯ ಕಥೆಯಷ್ಟು ಮನೆಮಾತಾದುದು ಬೇರೊಂದಿಲ್ಲ. ಅಲ್ಲಿಯ ಆಸ್ಥಾನದಲ್ಲಿ ಎದುರಿಲ್ಲದ ಜಟ್ಟಿಯೊಬ್ಬನು ಮೆರೆಯುತ್ತಿದ್ದನಂತೆ. ತನ್ನ ಚಲ್ಲಣವನ್ನು ಊರಬಾಗಿಲಿಗೆ ಕಟ್ಟಿಸಿ, ಬಂದುಹೋಗುವವರೆಲ್ಲ ಅದರಡಿಯಲ್ಲಿ ತಲೆತಗ್ಗಿಸಿ ನುಸುಳುವಂತೆ ಮಾಡಿದ್ದನಂತೆ. ನರಸರಾಜರು ವೇಷಮರೆಸಿಕೊಂಡು ಒಬ್ಬರೇ ಹೋಗಿ, ಆ ಚಲ್ಲಣವನ್ನು ಕತ್ತಿಯಿಂದ ಕತ್ತರಿಸಿ, ಜಟ್ಟಿಯನ್ನು ಸಭೆಯ ಮುಂದೆ ಸೋಲಿಸಿದರೆಂದು ಜನರು ಹೇಳುತ್ತ ಬಂದಿದ್ದಾರೆ. ಆ ಸೋಲು ಮಟ್ಟಿಯಲ್ಲಿ ಆಯಿತೆಂದು ಕೆಲವರ ಪಾಠ, ಕತ್ತಿಯ ಮೊನೆಯಲ್ಲಿ ಆಯಿತೆಂದು ಮತ್ತೆ ಕೆಲವರ ಪಾಠ. ಈ ಪಾಠಭೇದವು ನಮಗೆ ಅರ್ಥಗರ್ಭಿತವಾಗಿ ತೋರುತ್ತದೆ. ಈ ವೀರನ ಕೈಗೆ ಯಾವ ವಿದ್ಯೆಯನ್ನು ಕೊಟ್ಟರೂ ಒಪ್ಪುತ್ತದೆಂದು ಜನಮನವು ನಂಬಿತ್ತು. ಇನ್ನೂ ಒಂದಂಶದಲ್ಲಿ ಎಲ್ಲ ಪಾಠಗಳೂ ಒಂದಾಗಿವೆ. ಗೆದ್ದವರು ಬಹುಮಾನಕ್ಕೆ ಕಾಯಲಿಲ್ಲ. ಸನ್ಮಾನದ ಹೊತ್ತಿಗೆ ಅವರು ಅಲ್ಲಿರಲಿಲ್ಲ. ಕಥೆಯು ನಡೆದಂತೆಯೇ ನಡೆದಿತೋ ಇಲ್ಲವೋ, ನಮ್ಮ ಜನರು ಬಲಶಾಲಿಯಲ್ಲಿ ಯಾವ ಗುಣವನ್ನು ಮೆಚ್ಚಿದರೆಂಬುದಕ್ಕೆ ಅದು ಸಾಕ್ಷಿ.

ಗರಡಿಯ ಶಿಕ್ಷಣಕ್ಕೆ ಪರೀಕ್ಷೆಯು 1638ರಲ್ಲಿ ಬಂದಿತು. ದಳವಾಯಿ ವಿಕ್ರಮರಾಯನು ದೊರೆಯನ್ನು ಹೆಸರಿಗಷ್ಟೇ ಇರಿಸಿ ತಾನೇ ಆಳಬಯಸಿದ್ದನು. ಆಳ್ವಿಕೆಯ ಸೂತ್ರವನ್ನು ಕೈಗೆ ತೆಗೆದುಕೊಳ್ಳಲು ಯತ್ನಿಸಿದ ಇಮ್ಮಡಿ ರಾಜ ಒಡೆಯರು ವರ್ಷ ತುಂಬಿ ಹೆಚ್ಚು ಕಾಲವಾಗುವ ಮೊದಲೇ ವಿಷಪ್ರಯೋಗಕ್ಕೆ ಗುರಿಯಾದರು. ಅದರ ಹಿಂದೆ ದಳವಾಯಿಯ ಕೈಯಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಅದೇ ದಳವಾಯಿಯೇ ತೆರಕಣಾಂಬಿಯ ತರುಣರನ್ನು ಕರೆಸಿದನು. ಮೈಯಲ್ಲಿ ಬಲವಿದ್ದ ಮಾತ್ರಕ್ಕೆ ರಾಜಕಾರ್ಯ ತಿಳಿಯದೆಂದು ಅವನು ಎಣಿಸಿದ್ದಿರಬಹುದು. ಆದರೆ ಎದುರಾಳಿಯ ಭಾರವು ಯಾವ ಕಾಲಿನ ಮೇಲಿದೆಯೆಂದು ಅಂಗೈಯಿಂದ ತಿಳಿಯಬಲ್ಲವರಿಗೆ ಅರಮನೆಯ ಒಳಸಂಚನ್ನು ತಿಳಿಯುವುದು ಅಸಾಧ್ಯವಾಗಲಿಲ್ಲ. ಪಟ್ಟಕ್ಕೆ ಬಂದ ಸ್ವಲ್ಪಕಾಲದಲ್ಲಿಯೇ ಒಡೆಯರು ದಳವಾಯಿಯನ್ನು ಕೊಲ್ಲಿಸಿ ಅಧಿಕಾರವನ್ನು ತಮ್ಮ ಕೈಗೆ ತೆಗೆದುಕೊಂಡರು. ಇದು ಕಠೋರಕಾರ್ಯ, ಇರುಳಿನಲ್ಲಿ ಕಳುಹಿದ ಆಳುಗಳಿಂದ ನಡೆದುದು. ಇದನ್ನು ಮಟ್ಟಿಯ ಧರ್ಮವೆಂದು ನಾವು ಹೊಗಳಲಾರೆವು. ಆ ಕಾಲದ ಅರಮನೆಗಳಲ್ಲಿ ಬೇರೆ ದಾರಿಯು ವಿರಳವಾಗಿತ್ತೆಂಬುದನ್ನು ಮಾತ್ರ ಒಪ್ಪುತ್ತೇವೆ.

ಒಳಗಿನ ಕುತ್ತು ತೀರುವಷ್ಟರಲ್ಲಿ ಹೊರಗಿನದು ಬಾಗಿಲಿಗೆ ಬಂದಿತ್ತು. ಬೆಂಗಳೂರನ್ನು ಗೆದ್ದ ರಣದುಲ್ಲಾಖಾನನು 1639ರ ಆದಿಯಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿದನು. ಹೊಸ ದೊರೆ, ಹೊಸ ಆಡಳಿತ, ಎದುರಿಗೆ ದಕ್ಷಿಣವನ್ನೆಲ್ಲ ನಡುಗಿಸುತ್ತಿದ್ದ ಸೈನ್ಯ. ಕೋಟೆಯ ಮೇಲೆ ಬಿದ್ದ ದಾಳಿಯನ್ನು ಮೈಸೂರಿನವರು ಹಿಮ್ಮೆಟ್ಟಿಸಿದರು. ಹಿಂದೆಗೆಯುತ್ತಿದ್ದ ದಂಡನ್ನು ದಾರಿಯುದ್ದಕ್ಕೂ ಕಾಡಿದರು. ಕೋಟೆಯೊಳಗಿದ್ದು ಕಾಯುವಾಗ ಕತ್ತಿವರಸೆಯವನ ತಾಳ್ಮೆ ಬೇಕು. ಶತ್ರುವಿನ ಕಾಲು ಕದಲಿದಾಗ ಮಲ್ಲನ ಹಾಗೆ ಮೇಲೆ ಬೀಳಬೇಕು. ಈ ಎರಡನ್ನೂ ಹೊತ್ತರಿತು ಬಳಸಿದುದರಿಂದಲೇ ಆ ವರ್ಷ ಶ್ರೀರಂಗಪಟ್ಟಣವು ಉಳಿಯಿತು. ಬೆಂಗಳೂರಿನ ಗತಿ ಅದಕ್ಕೆ ಬಾರಲಿಲ್ಲ. ಅಂದು ಅದು ಬಿದ್ದಿದ್ದರೆ ಮೈಸೂರು ಎಂಬ ರಾಜ್ಯವೇ ಇತಿಹಾಸದಲ್ಲಿ ಒಂದು ಪಾಳೆಯಪಟ್ಟಾಗಿ ಮುಗಿದುಹೋಗುತ್ತಿದ್ದಿತು.

ತಿರುಚಿನಾಪಳ್ಳಿಯ ಸೋಲಿನ ಸೇಡು ತೀರಿಸಿಕೊಳ್ಳಲು ಅಲ್ಲಿಂದ ಕಳುಹಿಸಲ್ಪಟ್ಟ ಕೊಲೆಗಡುಕರು ಅರಮನೆಯೊಳಗೆ ನುಸುಳಿ ಒಡೆಯರ ಮೇಲೆ ಬಿದ್ದರೆಂದೂ, ಅವರು ಅಳುಕದೆ ಹೋರಾಡಿ ಆ ಗುಂಪನ್ನು ಮುರಿದರೆಂದೂ ಇನ್ನೊಂದು ಪ್ರತೀತಿಯಿದೆ. 1960ರಲ್ಲಿ ರಾಜ್‌ಕುಮಾರರು ನಟಿಸಿದ ರಣಧೀರ ಕಂಠೀರವ ಚಲನಚಿತ್ರವನ್ನು ನೋಡಿದ ಪೀಳಿಗೆಗೆ ಇಂತಹ ಪ್ರಸಂಗಗಳು ಕಣ್ಣಿಗೆ ಕಟ್ಟಿದಂತಿವೆ. ಆದರೆ ಒಡೆಯರ ಬಾಳು ಇಂತಹ ಸಾಹಸಗಳಲ್ಲಿಯೇ ಮುಗಿದಿದ್ದರೆ ಅವರು ಬರಿಯ ಜಟ್ಟಿಯಾಗಿ ಉಳಿಯುತ್ತಿದ್ದರು, ದೊರೆಯೆನಿಸುತ್ತಿರಲಿಲ್ಲ.

ಅವರು ಶ್ರೀರಂಗಪಟ್ಟಣದ ಕೋಟೆಯನ್ನು ಬಲಪಡಿಸಿದರು. ಮೈಸೂರು ದೊರೆಗಳಲ್ಲಿ ಮೊದಲಿಗರಾಗಿ ಟಂಕಸಾಲೆಯನ್ನು ಸ್ಥಾಪಿಸಿ ತಮ್ಮದೇ ನಾಣ್ಯವನ್ನು ಹೊರಡಿಸಿದರು. ಬೆರಳತುದಿಯಲ್ಲಿ ನಿಲ್ಲುವಷ್ಟು ಪುಟ್ಟದಾದ ಆ ಚಿನ್ನದ ನಾಣ್ಯವೇ ಕಂಠೀರಾಯ ಹಣ. ಅದರ ಮುಖದಲ್ಲಿ ನರಸಿಂಹನ ಮೂರ್ತಿ. 10 ಹಣಕ್ಕೆ ಒಂದು ಕಂಠೀರಾಯ ವರಹವೆಂಬುದು ಲೆಕ್ಕ. 1800 ಮತ್ತು 1801ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯನು ಈ ಸೀಮೆಯಲ್ಲಿ ಪ್ರವಾಸ ಮಾಡಿ ಹೊಲದ ಕಂದಾಯವನ್ನೂ ಸಂತೆಯ ಬೆಲೆಯನ್ನೂ ಬರೆದಿಟ್ಟುಕೊಂಡಾಗ ಕಂಠೀರಾಯ ಹಣದಲ್ಲಿಯೇ ಲೆಕ್ಕ ಹಾಕಿದನು. ಅದನ್ನು ಹೊರಡಿಸಿದ ದೊರೆ ತೀರಿಕೊಂಡು ಆಗ 140 ವರ್ಷಗಳಾಗಿದ್ದವು. ಕುಸ್ತಿಯಲ್ಲಿ ಗೆದ್ದ ಪಟ್ಟು ಆ ಸಂಜೆಗೇ ಮುಗಿಯುತ್ತದೆ. ಸಂತೆಯಲ್ಲಿ ಬಡವನು ನಂಬಿ ಕೈಗೆ ತೆಗೆದುಕೊಳ್ಳುವ ನಾಣ್ಯವು ಶತಮಾನಗಳು ನಡೆಯುತ್ತದೆ. ಈ ಭೇದವನ್ನು ಅರಿತುದು ಒಡೆಯರ ಬೆಳವಣಿಗೆಯ ಎತ್ತರವೆಂದು ನಮ್ಮ ಅಭಿಪ್ರಾಯ. ಅವರ ಆಳ್ವಿಕೆಯಲ್ಲಿಯೇ, 1648ರಲ್ಲಿ, ಗೋವಿಂದವೈದ್ಯನ ಹೆಸರಿನಲ್ಲಿರುವ ಕಂಠೀರವ ನರಸರಾಜ ವಿಜಯವೆಂಬ ಸಾಂಗತ್ಯ ಕಾವ್ಯವು ಹುಟ್ಟಿತು. ಶ್ರೀರಂಗಪಟ್ಟಣದ ಬೀದಿಗಳೂ, ಮಹಾನವಮಿಯ ಒಡ್ಡೋಲಗವೂ, ಅಲ್ಲಿ ನಡೆದ ಮಲ್ಲಯುದ್ಧಗಳೂ ಅದರಲ್ಲಿ ಚಿತ್ರಿತವಾಗಿವೆ. ಮಟ್ಟಿಯನ್ನು ಮೆಚ್ಚಿದ ದೊರೆಯ ಸಭೆಯಲ್ಲಿ ಕವಿಗೂ ಪೀಠವಿದ್ದಿತು.

ಇಲ್ಲಿಯ ವರೆಗೆ ಹೊಗಳಿಕೆಯಾಯಿತು. ಆದರೆ ನಮ್ಮ ನಾಡಿನ ಹಿರಿಯರನ್ನು ಕುರಿತು ಬರೆಯುವಾಗ ಅರ್ಧ ಸತ್ಯವನ್ನು ಹೇಳುವುದು ಅಭಿಮಾನವಲ್ಲ. ಒಡೆಯರ ಕಡೆಗಾಲದಲ್ಲಿ, 1656ರ ಸುಮಾರಿಗೆ, ಮೈಸೂರಿನ ದಂಡು ಮಧುರೆಯ ತಿರುಮಲ ನಾಯಕನ ಸೀಮೆಗೆ ನುಗ್ಗಿತು. ಆ ಯುದ್ಧದಲ್ಲಿ ಕೈಗೆ ಸಿಕ್ಕವರ ಮೂಗುಗಳನ್ನು ಕೊಯ್ಯಲಾಯಿತೆಂದೂ, ರಾಮನಾಡಿನ ಸೇತುಪತಿಯ ನೆರವಿನಿಂದ ಚೇತರಿಸಿಕೊಂಡ ಮಧುರೆಯವರು ಮೈಸೂರು ಸೀಮೆಗೆ ನುಗ್ಗಿ ಅದೇ ಕ್ರೌರ್ಯವನ್ನು ಹಿಂದಿರುಗಿಸಿದರೆಂದೂ ಇತಿಹಾಸವು ಹೇಳುತ್ತದೆ. ಮೂಗು ಕೊಯ್ಸಿಕೊಂಡವರು ಎರಡೂ ಕಡೆಯ ಬಡ ಪ್ರಜೆಗಳು. ತಿರುಮಲ ನಾಯಕನೂ ಒಡೆಯರೂ ಕಾಲವಾದದ್ದು ಒಂದೇ ವರ್ಷ, 1659ರಲ್ಲಿ. ಕಾಳಗದಿಂದ ಇಬ್ಬರಿಗೂ ಬಂದ ಕೀರ್ತಿಯೆಂದರೆ ಈ ಅಸಹ್ಯವಾದ ಹೆಸರು. ಮೊದಲ ನೆತ್ತರಿಗೆ ನಿಲ್ಲುವ ಜಟ್ಟಿಗಳ ನೇಮವನ್ನು ನಾವು ಮೇಲೆ ಹೇಳಿದೆವು. ಆ ನೇಮವು ದೊರೆಯ ಮೈಯಲ್ಲಿತ್ತು, ದಂಡಿನ ಮೈಗೆ ಇಳಿಯಲಿಲ್ಲ. ಒಬ್ಬನು ಎಷ್ಟು ವಿದ್ಯೆಗಳನ್ನು ಕಲಿತರೂ ತನ್ನವರಿಗೆ ಅದರ ಸಂಯಮವನ್ನು ಕಲಿಸದಿದ್ದರೆ ಅವನ ಸಾಧನೆಯು ಅವನೊಡನೆಯೇ ನಿಲ್ಲುತ್ತದೆ, ಅವನ ಬಲವು ಮಾತ್ರ ಮುಂದುವರಿಯುತ್ತದೆ. ಅಧಿಕಾರದಲ್ಲಿರುವ ನಮ್ಮ ವಾಚಕರು ಈ ಮಾತನ್ನು ಮತ್ತೊಮ್ಮೆ ಓದಬೇಕೆಂದು ಬೇಡುತ್ತೇವೆ.

ಪೂರ್ವದೇಶದ ಇನ್ನೊಂದು ಉದಾಹರಣೆಯನ್ನು ಹೇಳಿದರೆ ನಮ್ಮ ಅಭಿಪ್ರಾಯವು ಸ್ಪಷ್ಟವಾದೀತು. ಜಪಾನಿನ ಕಾನೋ ಜಿಗೊರೊ ಎಂಬಾತನು ಎಳೆಯ ವಯಸ್ಸಿನಲ್ಲಿ ಕೃಶಶರೀರಿಯಾಗಿದ್ದವನು. ಅವನು ಜುಜುತ್ಸುವಿನ ಎರಡು ಸಂಪ್ರದಾಯಗಳನ್ನು ಬೇರೆ ಬೇರೆ ಗುರುಗಳಲ್ಲಿ ಕಲಿತನು. ಒಂದರಲ್ಲಿ ಹಿಡಿತದ ಬಲವನ್ನೂ ಇನ್ನೊಂದರಲ್ಲಿ ಕೆಡಹುವ ಚಮತ್ಕಾರವನ್ನೂ ಕಂಡು, ಎರಡನ್ನೂ ಒರೆಗೆ ಹಚ್ಚಿ, ಅಪಾಯಕರವಾದುದನ್ನು ಅಭ್ಯಾಸದಿಂದ ಬಿಡಿಸಿ, 1882ರಲ್ಲಿ ಟೋಕಿಯೋದ ಒಂದು ದೇವಾಲಯದಲ್ಲಿ ಜೂಡೋ ಶಾಲೆಯನ್ನು ತೆರೆದನು. ಅವನು ವೃತ್ತಿಯಿಂದ ಉಪಾಧ್ಯಾಯನಾಗಿದ್ದನು. ಒಡೆಯರಿಗೆ ಸಾಧ್ಯವಾಗದುದು ಈ ಉಪಾಧ್ಯಾಯನಿಗೆ ಸಾಧ್ಯವಾಯಿತು. ತಾನು ಹಲವು ಕಡೆ ಕಲಿತು ಪಡೆದ ಸಂಯಮವನ್ನು ಶಾಲೆಯ ನಿಯಮವಾಗಿ ಪರರಿಗೆ ದಾಟಿಸಿದನು. ಹನುಮಂತನಗರದ ಮಗುವು ಇಂದು ಜೂಡೋ ಮಟ್ಟಿಯ ಮೇಲೆ ಎದುರಾಳಿಗೆ ತಲೆಬಾಗಿ ಆಟವನ್ನು ಆರಂಭಿಸುವುದು ಆ ನಿಯಮದ ಫಲ. ನಮ್ಮ ಗರಡಿಯಲ್ಲಿ ಮಣ್ಣನ್ನು ಮುಟ್ಟಿ ಹಣೆಗಿಟ್ಟುಕೊಂಡು ಇಳಿಯುವುದೂ ಅದೇ ಮಾತನ್ನೇ ಹೇಳುತ್ತದೆ.

ಆದುದರಿಂದ ಆರಂಭದಲ್ಲಿ ಎತ್ತಿದ ಶಂಕೆಗೆ ನಮ್ಮ ಉತ್ತರವಿದು. ಒಂದು ವಿದ್ಯೆ ಬೇಸರವಾಯಿತೆಂದು ಇನ್ನೊಂದಕ್ಕೆ ಓಡುವುದು ಚಂಚಲತೆ. ಒಂದರಲ್ಲಿ ಬೇರೂರಿ, ಅದರ ಮಿತಿಯನ್ನು ಕಂಡು, ಇನ್ನೊಂದರ ಬಾಗಿಲಲ್ಲಿ ಮತ್ತೆ ಶಿಷ್ಯನಾಗಿ ನಿಲ್ಲುವುದು ಬೆಳವಣಿಗೆ. ಮಗುವು ಯಾವ ಕಾರಣಕ್ಕೆ ಬಿಡುತ್ತಿದೆಯೆಂಬುದನ್ನು ತಂದೆತಾಯಿಗಳು ನೋಡಲಿ. ಪುರಾಡಳಿತದವರಿಗೂ ನಮ್ಮದೊಂದು ಮಾತುಂಟು. ಬೆಂಗಳೂರಿನ ಹಳೆಯ ಗರಡಿಮನೆಗಳಲ್ಲಿ ಹಲವು ಬಾಗಿಲು ಮುಚ್ಚಿವೆ. ಉಳಿದಿರುವವುಗಳ ನೆಲವನ್ನು ಕಾಪಾಡಿ, ಅಲ್ಲಿ ಕುಸ್ತಿಯ ವಸ್ತಾದರೂ ಜೂಡೋ ಕರಾಟೆಗಳ ಶಿಕ್ಷಕರೂ ಒಂದೇ ಅಂಗಳದಲ್ಲಿ ಪಾಠ ಹೇಳುವಂತೆ ಏರ್ಪಡಿಸಿದರೆ ಮಕ್ಕಳು ಒಂದು ವಿದ್ಯೆಯಿಂದ ಇನ್ನೊಂದನ್ನು ಅಳೆಯುವುದನ್ನು ಕಲಿಯುತ್ತಾರೆ. ಹೊರಗಿನ ವಿದ್ಯೆಯನ್ನು ತಿರಸ್ಕರಿಸಬೇಕೆಂದು ನಾವು ಹೇಳುವುದಿಲ್ಲ. ಮನೆಯ ವಿದ್ಯೆಯು ಅದರ ಪಕ್ಕದಲ್ಲಿ ತಲೆಯೆತ್ತಿ ನಿಲ್ಲಲೆಂಬುದೇ ನಮ್ಮ ಕೋರಿಕೆ.

ಶ್ರೀರಂಗಪಟ್ಟಣದಲ್ಲಿ ಒಡೆಯರು ಕಟ್ಟಿಸಿದ ನರಸಿಂಹ ದೇವಾಲಯವಿದೆ. ಅಲ್ಲಿ ಅವರದೇ ಶಿಲಾಪ್ರತಿಮೆಯೊಂದು ನಿಂತಿದೆ. ಎತ್ತರ ಮೂರೂವರೆ ಅಡಿಯಷ್ಟು. ನಿಲುವಂಗಿ ತೊಟ್ಟ ಆ ದೊರೆಯ ಮೈಮೇಲೆ ಕತ್ತಿಯಿದೆ, ಕಠಾರಿಯಿದೆ, ಗುರಾಣಿಯಿದೆ. ಆದರೆ ಕೈಗಳು ಅವುಗಳಲ್ಲಿ ಯಾವುದನ್ನೂ ಹಿಡಿದಿಲ್ಲ. ಎರಡೂ ಕೈಗಳು ಮುಗಿದಿವೆ. ಗುಡ್ಡದ ಮೇಲಿನ ಆಂಜನೇಯನಿಗೆ ನಮಸ್ಕರಿಸಿ ಕೆಳಗಿಳಿಯುವ ಹನುಮಂತನಗರದ ತರುಣನು ಒಮ್ಮೆ ಶ್ರೀರಂಗಪಟ್ಟಣಕ್ಕೂ ಹೋಗಿ ಆ ಕೈಗಳನ್ನು ನೋಡಿಕೊಂಡು ಬರಲಿ.